ಚೆಂಡು ಬಿಡಿ, ಕಾಲು ನೋಡಿ: ಕಾಲೇಜ್ ಫುಟ್‌ಬಾಲ್‌ಗೆ ಬರುವ ಅಫೆನ್ಸಿವ್ ಲೈನ್ ಹುಡುಗರನ್ನು ಅಳೆಯುವ ಬಗೆ

ಶುಕ್ರವಾರ ರಾತ್ರಿ ಅಮೆರಿಕದ ಯಾವುದಾದರೂ ಹೈಸ್ಕೂಲ್ ಮೈದಾನಕ್ಕೆ ಹೋಗಿ ಕೂತುಕೊಳ್ಳಿ. ಸುತ್ತ ಇರುವ ಎಲ್ಲರ ಕಣ್ಣೂ ಚೆಂಡಿನ ಹಿಂದೆಯೇ ಇರುತ್ತದೆ. ಕ್ವಾರ್ಟರ್‌ಬ್ಯಾಕ್ ಎಸೆದ, ರಿಸೀವರ್ ಹಿಡಿದ, ಜನ ಎದ್ದು ನಿಂತು ಕೂಗಿದರು. ಆ ಎಸೆತಕ್ಕೆ ಬೇಕಾದ ಮೂರು ಸೆಕೆಂಡು ಬಿಡುವು ಮಾಡಿಕೊಟ್ಟ ಐದು ಹುಡುಗರನ್ನು ಯಾರೂ ನೋಡಿರುವುದಿಲ್ಲ. ಅವರ ಅಪ್ಪ ಅಮ್ಮ ನೋಡಿರುತ್ತಾರೆ, ಇನ್ನು ಮೂಲೆಯಲ್ಲಿ ನಿಂತ ಒಬ್ಬಿಬ್ಬರು ಕಾಲೇಜ್ ಕೋಚ್‌ಗಳು ನೋಡಿರುತ್ತಾರೆ, ಅಷ್ಟೇ.

ಟೆಕ್ಸಾಸ್, ಮಿಷಿಗನ್, ಒಹಾಯೊ ಕಡೆ ಓದಿದ, ಅಥವಾ ಮಕ್ಕಳನ್ನು ಅಲ್ಲಿ ಓದಿಸುತ್ತಿರುವ ಕನ್ನಡಿಗರಲ್ಲಿ ಈ ಆಟದ ಹುಚ್ಚು ಹತ್ತಿದವರು ಈಗ ಸುಮಾರು ಜನ ಇದ್ದಾರೆ. ಶನಿವಾರದ ಆಟ ನೋಡುತ್ತಾ ನೋಡುತ್ತಾ ಮುಂದಿನ ವರ್ಷ ಯಾವ ಹುಡುಗರು ಬರುತ್ತಾರೆ ಅನ್ನುವ ಕುತೂಹಲವೂ ಶುರುವಾಗುತ್ತದೆ. ರಿಸೀವರ್ ಚೆನ್ನಾಗಿ ಓಡುತ್ತಾನಾ ಅಂತ ಯಾರು ಬೇಕಾದರೂ ಹೇಳಬಹುದು. ಲೈನ್‌ಮನ್ ವಿಷಯಕ್ಕೆ ಬಂದರೆ ಮಾತ್ರ ಎಲ್ಲರೂ ತೂಕ ಕೇಳಿ ಸುಮ್ಮನಾಗುತ್ತಾರೆ. ಈ ಬರಹ ಅದಕ್ಕಾಗಿ. ನನಗೆ ಈ ಆಟದಲ್ಲಿ ತುಂಬ ಇಷ್ಟವಾದ ಜಾಗ ಇದು. ಸರಿಯಾಗಿ ನೋಡೋದು ಕಲಿತರೆ ಇಡೀ ಆಟವೇ ಬೇರೆ ಥರ ಕಾಣುತ್ತದೆ.

ಆಟ ಹೊಸದಾಗಿ ನೋಡುತ್ತಿರುವವರಿಗೆ ಒಂದೆರಡು ಮಾತು. ಅಫೆನ್ಸಿವ್ ಲೈನ್ ಅಂದರೆ ಚೆಂಡು ಇರುವ ತಂಡದ ಮುಂದೆ ನಿಂತು ಎದುರಾಳಿಗಳನ್ನು ತಡೆಯುವ ಐದು ಜನ. ಮಧ್ಯದಲ್ಲಿ ಸೆಂಟರ್, ಅವನ ಎರಡು ಪಕ್ಕ ಗಾರ್ಡ್‌ಗಳು, ಹೊರಗಿನ ತುದಿಗಳಲ್ಲಿ ಟ್ಯಾಕಲ್‌ಗಳು. ಇವರ ಜರ್ಸಿ ನಂಬರ್ 50ರಿಂದ 79ರ ಒಳಗೆ ಇರುತ್ತದೆ, ಹುಡುಕೋದು ಸುಲಭ. ಬಲಗೈ ಕ್ವಾರ್ಟರ್‌ಬ್ಯಾಕ್ ಎಸೆಯಲು ತಿರುಗಿದಾಗ ಅವನ ಬೆನ್ನು ಎಡಗಡೆ ಟ್ಯಾಕಲ್ ಕಡೆಗೆ ಇರುತ್ತದೆ. ಹಾಗಾಗಿ ಎಡ ಟ್ಯಾಕಲ್‌ಗೆ ಬೆಲೆ ಜಾಸ್ತಿ.

ಇದು ಯಾಕೆ ಇಷ್ಟು ಕಷ್ಟ

2013ರ ಎನ್‌ಎಫ್‌ಎಲ್ ಡ್ರಾಫ್ಟ್, ಅಂದರೆ ವೃತ್ತಿಪರ ಲೀಗಿನ ತಂಡಗಳು ಕಾಲೇಜ್ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವುದು, ನೆನಪಿಸಿಕೊಳ್ಳಿ. ಮೊದಲ ನಾಲ್ಕು ಆಯ್ಕೆಗಳಲ್ಲಿ ಮೂವರು ಟ್ಯಾಕಲ್‌ಗಳು. ಮೊದಲನೆಯವನು ಎರಿಕ್ ಫಿಶರ್. ದೊಡ್ಡ ಕಾಲೇಜುಗಳು ಹಿಂದೆ ಬೀಳದೆ ಸೆಂಟ್ರಲ್ ಮಿಷಿಗನ್‌ಗೆ ಹೋದ ಹುಡುಗ. ನಾಲ್ಕನೆಯವನು ಲೇನ್ ಜಾನ್ಸನ್. ಇವನು ಹೈಸ್ಕೂಲಿನಲ್ಲಿ ಕ್ವಾರ್ಟರ್‌ಬ್ಯಾಕ್, ಟೆಕ್ಸಾಸ್‌ನ ಕಿಲ್ಗೋರ್ ಅನ್ನುವ ಜೂನಿಯರ್ ಕಾಲೇಜಿನಲ್ಲೂ ಕ್ವಾರ್ಟರ್‌ಬ್ಯಾಕ್. ಒಕ್ಲಹೋಮಾಗೆ ಬಂದ ಮೇಲೆ ಟೈಟ್ ಎಂಡ್ (ಲೈನಿನ ತುದಿಯಲ್ಲಿ ನಿಂತು ತಡೆಯುವ, ಚೆಂಡನ್ನೂ ಹಿಡಿಯುವ ಆಟಗಾರ) ಆದ, ಡಿಫೆನ್ಸಿವ್ ಎಂಡ್ ಆದ, ಕೊನೆಗೆ ಟ್ಯಾಕಲ್ ಆದ. ಇವನು ಹದಿನೇಳು ವರ್ಷದವನಿದ್ದಾಗ ಇವನ ಲೈನ್ ಆಟದ ಒಂದು ನಿಮಿಷದ ವಿಡಿಯೊ ಕೂಡ ಇರಲಿಲ್ಲ.

ಕಾರಣ ಇಷ್ಟು. ಲೈನ್‌ಮನ್ ಆಗುವ ಹುಡುಗನ ಮೈ ಹದಿನೇಳಕ್ಕೆ ಪೂರ್ತಿ ಆಗಿರುವುದಿಲ್ಲ. ಅವನ ಮುಂದೆ ನಿಂತವರು ಅವನಿಗಿಂತ ನೂರು ಪೌಂಡ್ ಕಡಿಮೆ ತೂಗುವವರು, ಅಂದರೆ 45 ಕಿಲೋ ಅಂತರ. ಅವನು ಹೇಗೆ ನಿಂತರೂ ಗೆಲ್ಲುತ್ತಾನೆ. ಓಟಗಾರನಿಗೆ ಗಜಗಳ ಲೆಕ್ಕ ಇದೆ, ಇವನಿಗೆ ನಂಬಬಹುದಾದ ಅಂಕಿ ಒಂದೂ ಇಲ್ಲ. ಆದ್ದರಿಂದ ನೀವು ನೋಡಬೇಕಾದದ್ದು ಇವತ್ತು ಗೆದ್ದನಾ ಅನ್ನೋದನ್ನಲ್ಲ. ಇಪ್ಪತ್ತೊಂದನೇ ವರ್ಷದಲ್ಲಿ, ತನ್ನಷ್ಟೇ ದಪ್ಪ, ತನಗಿಂತ ಚುರುಕಿನ ಗಂಡಸೊಬ್ಬ ಮುಂದೆ ನಿಂತಾಗ ಇವನ ಮೈಯಲ್ಲಿ ಕೆಲಸಕ್ಕೆ ಬರುವಂಥದ್ದು ಏನಿರುತ್ತದೆ ಅನ್ನೋದನ್ನು.

ಮೊದಲ ಹೆಜ್ಜೆ: ಅಳತೆ, ಆದರೆ ಸರಿಯಾದ ಅಳತೆ

ಶಾಲೆಯ ಪಟ್ಟಿಯಲ್ಲಿ 6 ಅಡಿ 6 ಇಂಚು ಅಂತ ಇದ್ದರೆ ಒಂದು ಇಂಚು ಕಳೆದು ಓದಿ. ಕ್ಯಾಂಪಿನಲ್ಲಿ ಶೂ ಬಿಚ್ಚಿಸಿ ಅಳೆದ ಎತ್ತರ ಸಿಗುವ ತನಕ ಯಾವುದನ್ನೂ ಪೂರ್ತಿ ನಂಬಬೇಡಿ.

ಎತ್ತರಕ್ಕಿಂತ ಜಾಸ್ತಿ ಮುಖ್ಯ ತೋಳಿನ ಉದ್ದ. ಭುಜದ ಮೇಲಿನ ಎಲುಬಿನ ತುದಿಯಿಂದ ನಡುಬೆರಳಿನ ತುದಿಯವರೆಗೆ ಅಳೆಯುತ್ತಾರೆ. ತೋಳು ಉದ್ದ ಇದ್ದವನ ಕೈ ಎದುರಾಳಿಯ ಎದೆಗೆ ಮೊದಲು ಮುಟ್ಟುತ್ತದೆ, ಎದುರಾಳಿಯ ಕೈ ಇವನಿಗೆ ಇನ್ನೂ ಸಿಕ್ಕಿರುವುದಿಲ್ಲ. ಟ್ಯಾಕಲ್‌ಗೆ 34 ಇಂಚು, ಅಂದರೆ ಸುಮಾರು 86 ಸೆಂಟಿಮೀಟರ್ ಇದ್ದರೆ ಎಲ್ಲರಿಗೂ ಖುಷಿ. 33ಕ್ಕಿಂತ ಕೆಳಗೆ ಹೋದರೆ ಗಾರ್ಡ್ ಮಾಡೋಣ ಅನ್ನುವ ಮಾತು ಶುರುವಾಗುತ್ತದೆ.

ಆದರೆ ಇದನ್ನು ಕಲ್ಲಿನ ಮೇಲೆ ಬರೆದ ಹಾಗೆ ಹಿಡಿಯಬೇಡಿ. ಲೂಯಿಸಿಯಾನ ಸ್ಟೇಟ್‌ನ (ಎಲ್‌ಎಸ್‌ಯು) ವಿಲ್ ಕ್ಯಾಂಪ್‌ಬೆಲ್ ತೋಳು 2025ರ ಕಂಬೈನ್‌ನಲ್ಲಿ, ಅಂದರೆ ಡ್ರಾಫ್ಟ್‌ಗೆ ಮುಂಚೆ ನಡೆಯುವ ಅಳತೆ ಪರೀಕ್ಷೆಯಲ್ಲಿ, ಮೂವತ್ತೆರಡೂವರೆ ಇಂಚು ಚಿಲ್ಲರೆ ಬಂತು, ದೊಡ್ಡ ಚರ್ಚೆಯೇ ನಡೆಯಿತು, ಆದರೂ ನಾಲ್ಕನೇ ಆಯ್ಕೆಯಾಗಿ ಹೋದ. ನಾರ್ತ್‌ವೆಸ್ಟರ್ನ್‌ನ ರಶಾನ್ ಸ್ಲೇಟರ್‌ಗೂ 33 ಇಂಚು. 2021ರಲ್ಲಿ 13ನೇ ಆಯ್ಕೆ, ಎಡ ಟ್ಯಾಕಲ್ ಆಗಿಯೇ ನಿಂತ. ತೋಳು ಗಿಡ್ಡ ಇದ್ದವನಿಗೆ ಕಾಲು ಚುರುಕಾಗಿರಲೇಬೇಕು. ಎರಡೂ ಇಲ್ಲದಿದ್ದರೆ ಮಾತ್ರ ಟ್ಯಾಕಲ್ ಆಸೆ ಬಿಡಿ.

ಈಗ ತೂಕ. ಎಲ್ಲರೂ ಎಡವುವುದು ಇಲ್ಲೇ. 300 ಪೌಂಡ್ ಅಂದರೆ 136 ಕಿಲೋ, ಕೇಳಿದ ತಕ್ಷಣ ಆಹಾ ಅನ್ನಿಸುತ್ತದೆ. ಆದರೆ ಆ ತೂಕ ಎಲ್ಲಿ ಕೂತಿದೆ ಅಂತ ನೋಡಿ. ಹೊಟ್ಟೆಯಲ್ಲಿ ಕೂತಿದೆಯಾ, ತೊಡೆ ಮತ್ತು ಹಿಂಭಾಗದಲ್ಲಿ ಕೂತಿದೆಯಾ? 330 ಪೌಂಡಿನ ಮೆತ್ತಗಿನ ಹುಡುಗ ಕಾಲೇಜಿಗೆ ಬಂದರೆ ಮೊದಲ ವರ್ಷ ಪೂರ್ತಿ ತೂಕ ಇಳಿಸುವುದರಲ್ಲೇ ಕಳೆಯುತ್ತದೆ. 250 ಪೌಂಡಿನ ಅಗಲ ಭುಜದ, ಉದ್ದ ಕಾಲಿನ, ದಪ್ಪ ಮಣಿಕಟ್ಟಿನ ಹುಡುಗ ಎರಡು ವರ್ಷ ಚೆನ್ನಾಗಿ ಉಂಡು, ಕಬ್ಬಿಣ ಎತ್ತಿ, ಐವತ್ತು ಪೌಂಡ್ ಸೇರಿಸಿಕೊಂಡೂ ಮೊದಲಿನಷ್ಟೇ ಹಗುರವಾಗಿ ಓಡಬಹುದು. ಮೈಗೆ ತೂಕ ಸೇರಿಸಬಹುದು. ಕಾಲಿಗೆ ಚುರುಕು ಸೇರಿಸಲು ಯಾವ ಕೋಚ್‌ಗೂ ಆಗಿಲ್ಲ.

ಜೋ ಆಲ್ಟ್ ಇದಕ್ಕೆ ಒಳ್ಳೆಯ ಉದಾಹರಣೆ. ಮಿನೆಸೋಟಾದ ಹುಡುಗ, ಹೈಸ್ಕೂಲಿನಲ್ಲಿ ಟೈಟ್ ಎಂಡ್ ಆಡುತ್ತಿದ್ದ, ತೆಳ್ಳಗಿದ್ದ, ಹುಡುಗರಿಗೆ ಐದರವರೆಗೆ ಸ್ಟಾರ್ ಕೊಡುವ ವೆಬ್‌ಸೈಟ್‌ಗಳ ಲೆಕ್ಕದಲ್ಲಿ ಮೂರು ಸ್ಟಾರ್. ಆದರೆ ಅವನ ಅಪ್ಪ ಜಾನ್ ಆಲ್ಟ್ ಕ್ಯಾನ್ಸಸ್ ಸಿಟಿ ತಂಡದಲ್ಲಿ ವರ್ಷಗಟ್ಟಲೆ ಟ್ಯಾಕಲ್ ಆಗಿದ್ದವರು. ಅಂಥ ಮನೆಯ ಹುಡುಗನ ಮೈ ಎಲ್ಲಿಗೆ ಬೆಳೆಯುತ್ತದೆ ಅಂತ ಊಹಿಸಬಹುದು, ಅಲ್ವಾ? ನೋಟ್ರ್ ಡೇಮ್ ಅವನನ್ನು ತೆಗೆದುಕೊಂಡಿತು. 2021ರಲ್ಲಿ ಮೊದಲ ವರ್ಷವೇ ಎಡ ಟ್ಯಾಕಲ್ ಆದ, 2024ರ ಡ್ರಾಫ್ಟ್‌ನಲ್ಲಿ ಐದನೇ ಆಯ್ಕೆ. ಆದ್ದರಿಂದ ಅಪ್ಪ, ಅಮ್ಮ, ಅಣ್ಣಂದಿರ ಎತ್ತರ ಗಮನಿಸಿ. ಹುಟ್ಟಿದ ತಿಂಗಳೂ ನೋಡಿ. ಒಂದೇ ತರಗತಿಯಲ್ಲಿ ಒಬ್ಬನಿಗೆ ಹದಿನೆಂಟು ತುಂಬಿರುತ್ತದೆ, ಇನ್ನೊಬ್ಬನಿಗೆ ಈಗಷ್ಟೇ ಹದಿನೇಳು. ಆ ವಯಸ್ಸಿನಲ್ಲಿ ಹತ್ತು ತಿಂಗಳು ಸಣ್ಣ ಅಂತರ ಅಲ್ಲ.

ಎರಡನೆಯದು: ಬೇರೆ ಆಟಗಳಲ್ಲಿ ಏನು ಮಾಡುತ್ತಾನೆ

ಫುಟ್‌ಬಾಲ್ ವಿಡಿಯೊ ತೆರೆಯುವ ಮುಂಚೆ ನಾನು ಇದನ್ನೇ ಹುಡುಕುತ್ತೇನೆ. ಕುಸ್ತಿ ಆಡುತ್ತಾನಾ? ಬ್ಯಾಸ್ಕೆಟ್‌ಬಾಲ್? ಗುಂಡು ಎಸೆತ?

ಕುಸ್ತಿಗೆ ನನ್ನ ಲೆಕ್ಕದಲ್ಲಿ ಮೊದಲ ಸ್ಥಾನ. ಸೊಂಟ ಕೆಳಗಿಟ್ಟವನು ಗೆಲ್ಲುತ್ತಾನೆ, ಕಾಲು ಜೋಡಿಸಿಕೊಂಡವನು ಬೀಳುತ್ತಾನೆ. ಊರಿನ ಗರಡಿಯಲ್ಲಿ ಕುಸ್ತಿ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಮೆರಿಕದ ಹೈಸ್ಕೂಲ್ ಕುಸ್ತಿಯಲ್ಲಿ ಅತಿ ಭಾರದ ವಿಭಾಗಕ್ಕೂ 285 ಪೌಂಡ್ ಮಿತಿ ಇದೆ. ಆ ತೂಕದೊಳಗೆ ಇದ್ದುಕೊಂಡು ಚಳಿಗಾಲ ಪೂರ್ತಿ ಕುಸ್ತಿ ಆಡುವ ಹುಡುಗ ತನ್ನ ಮೈಯನ್ನು ಹತೋಟಿಯಲ್ಲಿ ಇಟ್ಟುಕೊಂಡಿದ್ದಾನೆ ಅಂತಲೇ ಅರ್ಥ. ಅಯೋವಾದ ಟ್ರಿಸ್ಟನ್ ವಿರ್ಫ್ಸ್ ಹೈಸ್ಕೂಲಿನಲ್ಲಿ ಕುಸ್ತಿಯಲ್ಲೂ ರಾಜ್ಯ ಚಾಂಪಿಯನ್, ಗುಂಡು ಮತ್ತು ಡಿಸ್ಕಸ್ ಎಸೆತದಲ್ಲೂ ರಾಜ್ಯ ಚಾಂಪಿಯನ್. ಅಂಥ ವಿರ್ಫ್ಸ್‌ನನ್ನು ಹೈಸ್ಕೂಲ್ ಕುಸ್ತಿಯಲ್ಲಿ ಸೋಲಿಸಿದವನು ಟೈಲರ್ ಲಿಂಡರ್‌ಬಾಮ್. ಆಮೇಲೆ ಇಬ್ಬರೂ ಅಯೋವಾ ವಿಶ್ವವಿದ್ಯಾಲಯದ ಜರ್ಸಿ ತೊಟ್ಟರು, ಇಬ್ಬರೂ ಮೊದಲ ಸುತ್ತಿನಲ್ಲೇ ಎನ್‌ಎಫ್‌ಎಲ್‌ಗೆ ಹೋದರು. ಲಿಂಡರ್‌ಬಾಮ್‌ನ ತೋಳು 31 ಇಂಚು ಚಿಲ್ಲರೆ ಅಷ್ಟೇ. 2021ರಲ್ಲಿ ದೇಶದ ಅತ್ಯುತ್ತಮ ಸೆಂಟರ್‌ಗೆ ಕೊಡುವ ರಿಮಿಂಗ್ಟನ್ ಟ್ರೋಫಿ ಅವನಿಗೇ ಬಂತು.

ಗುಂಡು ಎಸೆತದಲ್ಲಿ ನೋಡಬೇಕಾದದ್ದು ದೂರ ಮಾತ್ರ ಅಲ್ಲ. ಸಣ್ಣ ವೃತ್ತದೊಳಗೆ ದೊಡ್ಡ ಮೈ ಎಷ್ಟು ಬೇಗ ತಿರುಗುತ್ತದೆ, ಕೊನೆಗೆ ನೆಟ್ಟಗೆ ನಿಲ್ಲುತ್ತದಾ ಅಂತ ನೋಡಿ. ವಿಸ್ಕಾನ್ಸಿನ್‌ನ ಜೋ ಥಾಮಸ್ ಗುಂಡು ಎಸೆಯುತ್ತಿದ್ದವನು. 2007ರಲ್ಲಿ ಮೂರನೇ ಆಯ್ಕೆ, 2023ರಲ್ಲಿ ಹಾಲ್ ಆಫ್ ಫೇಮ್ ಸೇರಿದ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಹುಡುಗ ಎಷ್ಟು ಪಾಯಿಂಟ್ ಗಳಿಸಿದ ಅನ್ನುವುದು ಬೇಡ. ಸಣ್ಣ ಗಾತ್ರದ ಆಟಗಾರ ಅವನ ಎದುರು ಡ್ರಿಬಲ್ ಮಾಡಿಕೊಂಡು ಬಂದಾಗ ಪಕ್ಕಕ್ಕೆ ಸರಿದು ತಡೆಯುತ್ತಾನಾ? ಪಾಸ್ ರಶರ್, ಅಂದರೆ ಕ್ವಾರ್ಟರ್‌ಬ್ಯಾಕ್ ಹಿಡಿಯಲು ನುಗ್ಗುವವನ ಎದುರು ಟ್ಯಾಕಲ್‌ನ ಕೆಲಸವೂ ಹೆಚ್ಚು ಕಡಿಮೆ ಅದೇ.

ಮೂರನೆಯದು: ವಿಡಿಯೊ ಆರಿಸಿಕೊಳ್ಳುವುದು

ಹಡಲ್ ಅನ್ನುವ ಆಟದ ವಿಡಿಯೊ ವೆಬ್‌ಸೈಟಿನಲ್ಲಿ ಪ್ರತಿ ಹುಡುಗನದ್ದೂ ಒಂದು ಹೈಲೈಟ್ ವಿಡಿಯೊ ಇರುತ್ತದೆ. ಹಿನ್ನೆಲೆಗೆ ಜೋರು ಸಂಗೀತ, ಇಪ್ಪತ್ತು ಸಲ ಯಾರನ್ನೋ ನೆಲಕ್ಕೆ ಕೆಡವುವುದು. ಅದು ಮದುವೆ ಆಲ್ಬಮ್ ಇದ್ದ ಹಾಗೆ. ಸುಳ್ಳಲ್ಲ, ಆದರೆ ಅದರಿಂದ ಸಂಸಾರ ಹೇಗಿದೆ ಅಂತ ಗೊತ್ತಾಗುವುದಿಲ್ಲ. ಒಂದು ಸಲ ನೋಡಿ, ಹುಡುಗನ ಮೈಕಟ್ಟು ಗುರುತಿಟ್ಟುಕೊಂಡು ಪಕ್ಕಕ್ಕಿಡಿ.

ನಿಮಗೆ ಬೇಕಾದದ್ದು ಪೂರ್ತಿ ಆಟ. ಕನಿಷ್ಠ ಎರಡು. ಒಂದು, ಆ ವರ್ಷ ಅವನ ಶಾಲೆ ಎದುರಿಸಿದ ಅತ್ಯಂತ ಗಟ್ಟಿ ತಂಡದ ವಿರುದ್ಧದ್ದು, ಸೋತಿದ್ದರೆ ಇನ್ನೂ ಒಳ್ಳೆಯದು. ಇನ್ನೊಂದು, ಒಂದು ವರ್ಷ ಹಿಂದಿನದು, ಎಷ್ಟು ಬದಲಾಗಿದ್ದಾನೆ ಅಂತ ನೋಡಲು. ಸ್ಥಳೀಯ ಚಾನೆಲ್‌ಗಳು, ಶಾಲೆಗಳು ಪೂರ್ತಿ ಆಟವನ್ನು ಯೂಟ್ಯೂಬ್‌ನಲ್ಲಿ ಹಾಕಿರುತ್ತವೆ, ತಾಳ್ಮೆಯಿಂದ ಹುಡುಕಿದರೆ ಸಿಗುತ್ತದೆ. ಗೋಲ್‌ಪೋಸ್ಟ್ ಹಿಂದಿನಿಂದ ತೆಗೆದ ವಿಡಿಯೊ ಇದ್ದರೆ ಬಿಡಬೇಡಿ. ಪಕ್ಕದ ಕ್ಯಾಮೆರಾದಲ್ಲಿ ಹುಡುಗ ಎಷ್ಟು ಬಗ್ಗಿದ್ದಾನೆ ಅಂತ ಕಾಣುತ್ತದೆ, ಹಿಂದಿನ ಕ್ಯಾಮೆರಾದಲ್ಲಿ ಕಾಲು ಎಷ್ಟು ಅಗಲ ಇದೆ, ಕೈ ಎಲ್ಲಿ ಬೀಳುತ್ತಿದೆ ಅಂತ ಕಾಣುತ್ತದೆ.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಪ್ರತಿ ಸ್ನ್ಯಾಪ್‌ಗೂ (ಸೆಂಟರ್ ಚೆಂಡು ಹಿಂದಕ್ಕೆ ಕೊಟ್ಟು ಆಟ ಶುರುವಾಗುವುದು) ಒಂದು ಗೆರೆ: ಓಟವಾ ಎಸೆತವಾ, ಅವನ ಎದುರು ಯಾರು, ಗೆದ್ದ ಅಥವಾ ಸೋತ, ಯಾಕೆ. ಆ "ಯಾಕೆ" ಬರೆಯದೆ ಮುಂದಿನ ಸ್ನ್ಯಾಪ್‌ಗೆ ಹೋಗಬೇಡಿ. ಅರ್ಧ ಆಟ ಮುಗಿಯುವಷ್ಟರಲ್ಲಿ ಒಂದೇ ಕಾರಣ ಪದೇ ಪದೇ ಬರುತ್ತಿರುವುದು ಕಾಣುತ್ತದೆ. ಆ ಹುಡುಗನ ಬಗ್ಗೆ ತಿಳಿಯಬೇಕಾದದ್ದರಲ್ಲಿ ಅರ್ಧ ಅಲ್ಲೇ ಇರುತ್ತದೆ.

ನಾಲ್ಕನೆಯದು: ಕಾಲು ಮತ್ತು ಸೊಂಟ

ಮೊದಲ ಸುತ್ತು ನೋಡುವಾಗ ಸೊಂಟದಿಂದ ಮೇಲೆ ಕಣ್ಣು ಎತ್ತಬೇಡಿ.

ನಿಂತ ಭಂಗಿ ಮೊದಲು. ಕೆಲವರು ಮೊಣಕಾಲು ಬಗ್ಗಿಸಿ ಕೂರುತ್ತಾರೆ, ಬೆನ್ನು ನೆಟ್ಟಗೆ, ತಲೆ ಮೇಲೆ. ಕೆಲವರು ಕಾಲು ನೆಟ್ಟಗಿಟ್ಟು ಸೊಂಟದಿಂದ ಮುಂದಕ್ಕೆ ಬಾಗುತ್ತಾರೆ. ನೋಡಲು ಇಬ್ಬರೂ ತಗ್ಗಾಗಿಯೇ ಕಾಣುತ್ತಾರೆ. ಆದರೆ ಸೊಂಟದಿಂದ ಬಾಗುವವನ ಭಾರ ಎಲ್ಲ ಮುಂದಕ್ಕೆ ಇರುತ್ತದೆ, ಎದುರಾಳಿ ಅವನ ಕೈ ಹಿಡಿದು ಸ್ವಲ್ಪ ಎಳೆದು ಪಕ್ಕಕ್ಕೆ ಸರಿದರೆ ಸಾಕು, ಮುಗ್ಗರಿಸುತ್ತಾನೆ. ಹೈಸ್ಕೂಲಿನಲ್ಲಿ ಇದು ಗೊತ್ತಾಗುವುದಿಲ್ಲ, ಯಾಕೆಂದರೆ ಎದುರಿನವನು ಎಳೆಯುವಷ್ಟು ಬಲದವನಾಗಿರುವುದಿಲ್ಲ. ಕಾಲೇಜಿನಲ್ಲಿ ಮೊದಲ ದಿನವೇ ಗೊತ್ತಾಗುತ್ತದೆ. ಕಣಕಾಲು ಮತ್ತು ಸೊಂಟ ಬಿಗಿ ಇದ್ದರೆ ಮೊಣಕಾಲು ಬಗ್ಗಿಸಲು ಆಗುವುದೇ ಇಲ್ಲ. ಕೆಲವರದ್ದು ವ್ಯಾಯಾಮದಿಂದ ಸಡಿಲ ಆಗುತ್ತದೆ, ಕೆಲವರದ್ದು ಎಷ್ಟು ಮಾಡಿದರೂ ಆಗುವುದಿಲ್ಲ.

ಎಸೆತದ ಆಟದಲ್ಲಿ ಟ್ಯಾಕಲ್ ಹಿಂದಕ್ಕೆ ಜಾರುವ ಹೆಜ್ಜೆಗೆ ಕಿಕ್ ಸ್ಲೈಡ್ ಅನ್ನುತ್ತಾರೆ. ಹೊರಗಿನ ಕಾಲು ಹಿಂದಕ್ಕೆ ಹೋಗುತ್ತದೆ, ಒಳಗಿನ ಕಾಲು ಅದನ್ನು ಹಿಂಬಾಲಿಸುತ್ತದೆ, ಎರಡರ ನಡುವಿನ ಅಂತರ ಹಾಗೇ ಉಳಿಯಬೇಕು. ಹಿಮ್ಮಡಿಗಳು ಒಂದಕ್ಕೊಂದು ತಾಗಿದ ಕ್ಷಣದಲ್ಲೇ ಎದುರಾಳಿ ಬಂದು ಗುದ್ದಿದರೆ ಟ್ಯಾಕಲ್ ಎಷ್ಟು ತೂಗಿದರೂ ಹಿಂದಕ್ಕೆ ಬೀಳುತ್ತಾನೆ. ಇನ್ನೊಂದು ತಪ್ಪು, ಹೊರಗಡೆಯಿಂದ ಬರುವ ವೇಗಕ್ಕೆ ಹೆದರಿ ತುಂಬ ಬೇಗ ಭುಜ ತಿರುಗಿಸಿಬಿಡುವುದು. ಆಗ ಒಳಗಿನ ಬಾಗಿಲು ಪೂರ್ತಿ ತೆರೆದುಕೊಳ್ಳುತ್ತದೆ.

ಹೀಗಾಗಿ ನಾನು ಕಾಯುವ ದೃಶ್ಯ ಒಂದಿದೆ. ರಶರ್ ಎರಡು ಸಲ ಹೊರಗಿನಿಂದ ಬರುತ್ತಾನೆ, ಮೂರನೇ ಸಲ ಹೊರಗೆ ಹೊರಟ ಹಾಗೆ ಮಾಡಿ ಥಟ್ಟನೆ ಒಳಗೆ ನುಗ್ಗುತ್ತಾನೆ. ಆಗ ಟ್ಯಾಕಲ್‌ನ ಸೊಂಟ ಹಿಂದಕ್ಕೆ ತಿರುಗುತ್ತದಾ? ಅರ್ಧ ಹೆಜ್ಜೆ ತಡವಾದರೂ ಪರವಾಗಿಲ್ಲ, ತಿರುಗಿ ಅವನ ಪಕ್ಕೆಗೆ ಮೈ ಒಡ್ಡಿದರೆ ಈ ಹುಡುಗನನ್ನು ಇನ್ನೂ ನೋಡಬೇಕು ಅಂತ ನೋಟ್‌ಬುಕ್ಕಿನಲ್ಲಿ ಸುತ್ತು ಹಾಕಿಡಿ. ಸೋತ ಮೇಲೆ ಚೇತರಿಸಿಕೊಳ್ಳುವುದಿದೆಯಲ್ಲ, ಅದನ್ನು ನಾನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ. ಕಾಲೇಜಿನಲ್ಲಿ ಎಲ್ಲರೂ ಸೋಲುತ್ತಾರೆ. ಸೋತು ಒಂದು ಸೆಕೆಂಡು ಹೆಚ್ಚುವರಿ ಕೊಡಿಸಿದವನು ಕ್ವಾರ್ಟರ್‌ಬ್ಯಾಕನ್ನು ಉಳಿಸುತ್ತಾನೆ.

ಅದರ ಜೊತೆಗೇ ನೋಡಬೇಕಾದದ್ದು ಬುಲ್ ರಶ್, ಅಂದರೆ ಎದುರಾಳಿ ಸೀದಾ ಎದೆಗೆ ನುಗ್ಗಿ ತಳ್ಳುವುದು. ಮೊದಲ ಗುದ್ದಿಗೆ ಒಂದು ಗಜ ಹಿಂದೆ ಹೋಗುವುದು ಸಹಜ. ಆಮೇಲೆ ಕಾಲು ಮತ್ತೆ ನೆಟ್ಟು, ಸೊಂಟ ಇಳಿಸಿ ನಿಲ್ಲುತ್ತಾನಾ, ಇಲ್ಲ ಕ್ವಾರ್ಟರ್‌ಬ್ಯಾಕ್ ಮಡಿಲವರೆಗೆ ಜಾರುತ್ತಲೇ ಹೋಗುತ್ತಾನಾ? ತೆಳ್ಳಗಿನ ಹುಡುಗ ಜಾರಿದರೆ ಅಷ್ಟು ಚಿಂತೆ ಬೇಡ, ತೂಕ ಬಂದಾಗ ಸರಿಹೋಗಬಹುದು. 320 ಪೌಂಡಿನವನು ಹೈಸ್ಕೂಲ್ ಹುಡುಗನ ಎದುರು ಜಾರಿದರೆ ಚಿಂತೆ ಮಾಡಿ.

ಐದನೆಯದು: ಕೈ, ಕಣ್ಣು, ಓಟದ ಬ್ಲಾಕ್

ಕೈ ಕೆಲಸದ ಮೇಲೆ ಜಾಸ್ತಿ ಸಮಯ ಕಳೆಯಬೇಡಿ. ಹದಿನೇಳರ ಹುಡುಗರಲ್ಲಿ ಮುಕ್ಕಾಲು ಮಂದಿಯ ಕೈ ತಪ್ಪು ಜಾಗದಲ್ಲೇ ಇರುತ್ತದೆ, ತೋಳು ಅಗಲಿಸಿ ಅಪ್ಪಿಕೊಳ್ಳುತ್ತಾರೆ, ಕಾಲೇಜಿನಲ್ಲಿ ಹಾಗೆ ಮಾಡಿದರೆ ಹೋಲ್ಡಿಂಗ್ ಪೆನಾಲ್ಟಿ ಬೀಳುತ್ತದೆ. ಇದನ್ನು ಕಲಿಸಬಹುದು. ಕಲಿಸಲಾಗದ್ದು ಒಂದೇ, ಕೈಯ ಭಾರ. ಕೆಲವು ಹುಡುಗರು ಮುಟ್ಟಿದರೆ ಎದುರಿನವನ ಭುಜ ಹಿಂದಕ್ಕೆ ಚಿಮ್ಮುತ್ತದೆ. ಪಕ್ಕದ ಕ್ಯಾಮೆರಾದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಹಾಗೆ ಕಂಡರೆ ಬರೆದಿಟ್ಟುಕೊಳ್ಳಿ.

ಓಟದ ಬ್ಲಾಕ್‌ನಲ್ಲಿ ಮೈ ತಾಗಿದ ನಂತರ ಏನಾಗುತ್ತದೆ ಅನ್ನುವುದೇ ವಿಷಯ. ತಾಗಿದ ಕೂಡಲೇ ಕಾಲು ನಿಂತುಹೋಗುತ್ತದಾ, ಪಟಪಟ ಅಂತ ನಡೆಯುತ್ತಲೇ ಇರುತ್ತದಾ? ಆಮೇಲೆ ಜೋಡಿ ಬ್ಲಾಕ್. ಗಾರ್ಡ್ ಮತ್ತು ಟ್ಯಾಕಲ್ ಸೇರಿ ಒಬ್ಬನನ್ನು ತಳ್ಳುತ್ತಾರೆ, ಅವನ ಹಿಂದೆ ನಿಂತ ಲೈನ್‌ಬ್ಯಾಕರ್ (ಡಿಫೆನ್ಸ್‌ನ ಎರಡನೇ ಸಾಲಿನವನು) ಹತ್ತಿರ ಬಂದಾಗ ಇಬ್ಬರಲ್ಲಿ ಒಬ್ಬ ಬಿಟ್ಟು ಅವನ ಮೇಲೆ ಹೋಗಬೇಕು. ಬೇಗ ಬಿಟ್ಟರೆ ಮೊದಲಿನವನು ತಪ್ಪಿಸಿಕೊಳ್ಳುತ್ತಾನೆ, ತಡ ಮಾಡಿದರೆ ಲೈನ್‌ಬ್ಯಾಕರ್ ಓಟಗಾರನನ್ನು ಹಿಡಿದಿರುತ್ತಾನೆ. ಈ ಕ್ಷಣದಲ್ಲಿ ಹುಡುಗನ ಹೆಲ್ಮೆಟ್ ಯಾವ ಕಡೆ ತಿರುಗಿದೆ ನೋಡಿ. ಮೈ ಒಬ್ಬನ ಮೇಲೆ, ಕಣ್ಣು ಇನ್ನೊಬ್ಬನ ಮೇಲೆ ಇದ್ದರೆ ಅವನಿಗೆ ಆಟ ಅರ್ಥವಾಗಿದೆ.

ಬಯಲಿನಲ್ಲಿ ಓಡುವ ಆಟಗಳನ್ನು ಹುಡುಕಿ. ಹತ್ತಿರಕ್ಕೇ ಎಸೆದು ಲೈನ್‌ಮನ್‌ಗಳು ಮುಂದೆ ಓಡಿ ದಾರಿ ಮಾಡುವ ಸ್ಕ್ರೀನ್ ಪಾಸ್, ಗಾರ್ಡ್ ತನ್ನ ಜಾಗ ಬಿಟ್ಟು ಪಕ್ಕಕ್ಕೆ ಓಡುವ ಪವರ್ ಮತ್ತು ಕೌಂಟರ್. 300 ಪೌಂಡಿನ ಹುಡುಗ ಇಪ್ಪತ್ತು ಗಜ ಓಡಿ, 190 ಪೌಂಡಿನ ಚುರುಕಿನ ಸೇಫ್ಟಿಯನ್ನು (ಡಿಫೆನ್ಸ್‌ನಲ್ಲಿ ಎಲ್ಲರಿಗಿಂತ ಹಿಂದೆ ನಿಲ್ಲುವವನು) ಹುಡುಕಿ ಮುಟ್ಟಿದರೆ ಅದು ಹತ್ತು ಪ್ಯಾನ್‌ಕೇಕ್‌ಗಿಂತ ದೊಡ್ಡದು. ಪ್ಯಾನ್‌ಕೇಕ್ ಅಂದರೆ ಎದುರಾಳಿಯನ್ನು ಅಂಗಾತ ಕೆಡವುವುದು. ನೋಡಲು ಚೆಂದ. ಆದರೆ 170 ಪೌಂಡಿನ ಮಗುವನ್ನು ಕೆಡವಿದ್ದಕ್ಕೆ ನಾನು ಅಂಕ ಕೊಡುವುದಿಲ್ಲ.

ವಿಸಿಲ್ ಆಗುವ ತನಕ ಬಿಡದೆ ಹಿಡಿಯುತ್ತಾನಾ ಅನ್ನೋದಕ್ಕೆ ಅಂಕ ಕೊಡಿ. ವಿಸಿಲ್ ಆದ ಮೇಲೂ ತಳ್ಳುವವನಿಗೆ ಕಳೆಯಿರಿ.

ಆರನೆಯದು: ಶಾಲೆ ಎಂಥದ್ದು, ಆಟ ಎಂಥದ್ದು

ಅವನ ಶಾಲೆ ಯಾವ ಬಗೆಯ ಆಟ ಆಡುತ್ತದೆ ಅಂತ ತಿಳಿಯದೆ ಅಂಕ ಹಾಕಿದರೆ ಹುಡುಗನಿಗೆ ಅನ್ಯಾಯ. ವಿಂಗ್-ಟಿ ಅಥವಾ ಆಪ್ಷನ್ ಆಡುವ ಶಾಲೆಯಲ್ಲಿ ಎಸೆತವೇ ಕಡಿಮೆ, ಕಿಕ್ ಸ್ಲೈಡ್ ಮಾಡಿದ್ದೇ ಇರುವುದಿಲ್ಲ. ಅದು ಅವನ ತಪ್ಪಲ್ಲ, ಅದನ್ನು ಬೇಸಿಗೆ ಕ್ಯಾಂಪಿನಲ್ಲಿ ನೋಡಬೇಕು. ಎಸೆತವೇ ಹೆಚ್ಚಿರುವ ಏರ್ ರೇಡ್ ಆಡುವ ಶಾಲೆಯಲ್ಲಿ ಹುಡುಗ ಯಾವಾಗಲೂ ನಿಂತೇ ಶುರು ಮಾಡುತ್ತಾನೆ, ನೆಲಕ್ಕೆ ಕೈ ಊರಿ ಸೀದಾ ತಳ್ಳಿದ್ದನ್ನು ನೀವು ನೋಡಿರುವುದಿಲ್ಲ. ಇನ್ನು ಆರ್‌ಪಿಒ, ಅಂದರೆ ಓಟವೋ ಎಸೆತವೋ ಅಂತ ಕ್ವಾರ್ಟರ್‌ಬ್ಯಾಕ್ ಸ್ನ್ಯಾಪ್ ಆದ ಮೇಲೆ ತೀರ್ಮಾನಿಸುವ ಆಟದಲ್ಲಿ ಚೆಂಡು ಎಸೆದರೂ ಲೈನ್ ಮಾಡುತ್ತಿರುವುದು ಓಟದ ಬ್ಲಾಕ್. ಕಾಲೇಜ್ ನಿಯಮದಲ್ಲಿ ಅವರು ಮೂರು ಗಜ ಮುಂದಕ್ಕೂ ಹೋಗಬಹುದು. ಅಂಥ ಆಟಗಳನ್ನು ಪಾಸ್ ಪ್ರೊಟೆಕ್ಷನ್ ಲೆಕ್ಕಕ್ಕೆ ಸೇರಿಸಬೇಡಿ. "ವರ್ಷ ಪೂರ್ತಿ ಒಂದೂ ಸ್ಯಾಕ್ ಕೊಟ್ಟಿಲ್ಲ", ಅಂದರೆ ಎಸೆಯುವ ಮುಂಚೆ ಕ್ವಾರ್ಟರ್‌ಬ್ಯಾಕನ್ನು ಕೆಡವಲು ಬಿಟ್ಟಿಲ್ಲ, ಅನ್ನುವ ಮಾತಿಗೂ ಇದೇ ಕಾರಣಕ್ಕೆ ಬೆಲೆ ಕಡಿಮೆ.

ಎದುರಾಳಿಗಳ ಮಟ್ಟ ಕೂಡ ಹಾಗೇ. ಟೆಕ್ಸಾಸ್‌ನ ದೊಡ್ಡ ಶಾಲೆಗಳ ವಿಭಾಗ, ಜಾರ್ಜಿಯಾ, ಫ್ಲಾರಿಡಾ, ದಕ್ಷಿಣ ಕ್ಯಾಲಿಫೋರ್ನಿಯಾ ಇಲ್ಲೆಲ್ಲ ವಾರ ವಾರ ಕಾಲೇಜಿಗೆ ಹೋಗುವ ರಶರ್‌ಗಳು ಎದುರಾಗುತ್ತಾರೆ. ಅಲ್ಲಿ ಹತ್ತರಲ್ಲಿ ಏಳು ಗೆದ್ದರೆ ಒಳ್ಳೆಯದೇ. ಸಣ್ಣ ಊರಿನ ಶಾಲೆಯಲ್ಲಿ ಹತ್ತಕ್ಕೆ ಹತ್ತು ಗೆಲ್ಲಬೇಕು, ಅದೂ ಸುಲಭವಾಗಿ.

ಸಣ್ಣ ಶಾಲೆಯ ಒಂದು ಲಾಭ ಇದೆ. ಅಲ್ಲಿ ಹುಡುಗ ಎರಡೂ ಕಡೆ ಆಡುತ್ತಾನೆ. ಅವನ ಡಿಫೆನ್ಸ್ ಆಟ ನೋಡಿ, ದಯವಿಟ್ಟು ನೋಡಿ! ಯಾರೂ ಹೇಳಿಕೊಡದೆ ಮೈ ತನ್ನಷ್ಟಕ್ಕೆ ಹೇಗೆ ಓಡುತ್ತದೆ, ದಿಕ್ಕು ಬದಲಿಸುತ್ತದೆ ಅಂತ ಅಲ್ಲಿ ಕಾಣುತ್ತದೆ. ಲಿಂಡರ್‌ಬಾಮ್ ಅಯೋವಾಗೆ ಬಂದದ್ದೇ ಡಿಫೆನ್ಸಿವ್ ಲೈನ್‌ಗೆ. ಜೇಸನ್ ಕೆಲ್ಸಿ ಸಿನ್ಸಿನಾಟಿಗೆ ಸ್ಕಾಲರ್‌ಶಿಪ್ ಇಲ್ಲದೆ ಬಂದ ಓಟಗಾರ ಮತ್ತು ಲೈನ್‌ಬ್ಯಾಕರ್. 2011ರಲ್ಲಿ ಆರನೇ ಸುತ್ತಿನಲ್ಲಿ ಆಯ್ಕೆಯಾಗಿ ತನ್ನ ಕಾಲದ ಅತ್ಯುತ್ತಮ ಸೆಂಟರ್‌ಗಳಲ್ಲಿ ಒಬ್ಬನಾದ.

ಏಳನೆಯದು: ಕ್ಯಾಂಪಿನಲ್ಲಿ ಮತ್ತು ಮೈದಾನದ ಬದಿಯಲ್ಲಿ

ಜೂನ್ ತಿಂಗಳಲ್ಲಿ ಕಾಲೇಜುಗಳು ಕ್ಯಾಂಪ್ ನಡೆಸುತ್ತವೆ. ಅಲ್ಲಿ ಒಬ್ಬನ ಎದುರು ಒಬ್ಬ ನಿಂತು ಆಡುವ ಪಾಸ್ ರಶ್ ವಿಡಿಯೊಗಳು ಎಲ್ಲ ಕಡೆ ಹರಿದಾಡುತ್ತವೆ. ಅವನ್ನು ನೋಡುವಾಗ ಒಂದು ನೆನಪಿರಲಿ, ಆ ಸ್ಪರ್ಧೆ ರಶರ್ ಪರವಾಗಿಯೇ ಇದೆ. ಪಕ್ಕದಲ್ಲಿ ಗಾರ್ಡ್ ಸಹಾಯ ಇಲ್ಲ, ಇದು ಓಟವೋ ಎಸೆತವೋ ಅನ್ನುವ ಅನುಮಾನ ರಶರ್‌ಗೆ ಇಲ್ಲ, ಎರಡೂ ಪಕ್ಕ ಖಾಲಿ ಜಾಗ. ಟ್ಯಾಕಲ್ ಅರ್ಧದಷ್ಟು ಗೆದ್ದರೂ ಚೆನ್ನಾಗಿ ಆಡಿದ್ದಾನೆ. ಮೊದಲ ಸಲ ಸೋತಾಗ ಸಾಲಿನ ಹಿಂದಕ್ಕೆ ಹೋಗಿ ನಿಲ್ಲುತ್ತಾನಾ, ಅದೇ ರಶರ್‌ನನ್ನು ಇನ್ನೊಂದು ಸಲ ಕೇಳುತ್ತಾನಾ? ಕೋಚ್ ಒಂದು ತಪ್ಪು ತಿದ್ದಿದರೆ ಮುಂದಿನ ಸರದಿಯಲ್ಲೇ ಅದು ಕಾಣುತ್ತದಾ? ಪೂರ್ತಿ ಸರಿಯಾಗದಿದ್ದರೂ ಪ್ರಯತ್ನ ಕಂಡರೆ ಸಾಕು.

ಸಾಧ್ಯವಾದರೆ ಹುಡುಗನ ಆಟಕ್ಕೆ ನೀವೇ ಹೋಗಿ. ನಾಲ್ಕನೇ ಕ್ವಾರ್ಟರ್‌ನಲ್ಲಿ ಸ್ನ್ಯಾಪ್‌ಗಳ ನಡುವೆ ಮೊಣಕಾಲ ಮೇಲೆ ಕೈ ಊರಿ ಏದುಸಿರು ಬಿಡುತ್ತಾನಾ ನೋಡಿ. ತಂಡ ಸೋಲುತ್ತಿರುವಾಗ ಬೆಂಚಿನಲ್ಲಿ ಪಕ್ಕದ ಗಾರ್ಡ್ ಜೊತೆ ಮಾತಾಡುತ್ತಿದ್ದಾನಾ, ಟವೆಲ್ ಹೊದ್ದು ಒಬ್ಬನೇ ಕೂತಿದ್ದಾನಾ? ಸೆಂಟರ್ ಆದರೆ ಸ್ನ್ಯಾಪ್‌ಗೆ ಮುಂಚೆ ಬೆರಳು ತೋರಿಸಿ ಉಳಿದವರಿಗೆ ಹೇಳುತ್ತಾನಾ? ಕೊಡಬಹುದಾದ ಸಲಹೆ ಇನ್ನೊಂದಿದೆ, ಮನಸ್ಸಿಟ್ಟು ಹೇಳುತ್ತಿದ್ದೇನೆ: ಅಭಿಮಾನಿಯಾಗಿ ಆ ಹುಡುಗನಿಗೆ ನೇರ ಮೆಸೇಜ್ ಕಳಿಸಬೇಡಿ. ಅವನಿನ್ನೂ ಹೈಸ್ಕೂಲ್ ಹುಡುಗ, ಮೇಲಾಗಿ ಕಾಲೇಜಿನ ಕಡೆಯವರು ಸಂಪರ್ಕಿಸುವುದಕ್ಕೆ ಕಾಲೇಜ್ ಕ್ರೀಡೆಗಳ ಸಂಸ್ಥೆ ಎನ್‌ಸಿಎಎ ಮಾಡಿದ ನಿಯಮಗಳಿವೆ.

ಎಂಟನೆಯದು: ಎಲ್ಲಿ ಆಡಿಸುವುದು

ಪ್ರತಿ ಹೈಸ್ಕೂಲಿನಲ್ಲೂ ಅತಿ ಒಳ್ಳೆಯ ಲೈನ್‌ಮನ್‌ನನ್ನು ಎಡ ಟ್ಯಾಕಲ್ ಮಾಡುತ್ತಾರೆ. ಕಾಲೇಜಿಗೆ ಬಂದಾಗ ಅವರಲ್ಲಿ ಸುಮಾರು ಜನ ಒಳಗೆ ಸರಿಯಲೇಬೇಕು. 6 ಅಡಿ 3 ಇಂಚು, ಗಿಡ್ಡ ತೋಳು, ಗಟ್ಟಿ ಸೊಂಟ ಇದ್ದರೆ ಅವನನ್ನು ಗಾರ್ಡ್ ಅಂತಲೇ ಅಳೆಯಿರಿ. ಇದರಲ್ಲಿ ಅವಮಾನ ಏನೂ ಇಲ್ಲ. ನೋಟ್ರ್ ಡೇಮ್‌ನಲ್ಲಿ ಟ್ಯಾಕಲ್ ಆಗಿದ್ದ ಝ್ಯಾಕ್ ಮಾರ್ಟಿನ್ 2014ರಲ್ಲಿ ಮೊದಲ ಸುತ್ತಿನಲ್ಲಿ ಆಯ್ಕೆಯಾಗಿ, ಗಾರ್ಡ್ ಆಗಿ ದಶಕದ ದೊಡ್ಡ ಹೆಸರಾದ. ಸೆಂಟರ್‌ಗೆ ತೋಳಿನ ಉದ್ದ ಎಲ್ಲರಿಗಿಂತ ಕಡಿಮೆ ಸಾಕು, ತಲೆ ಎಲ್ಲರಿಗಿಂತ ಚುರುಕಾಗಿ ಓಡಬೇಕು.

ಸ್ಟಾರ್ ಲೆಕ್ಕ ನೋಡುವುದು ಕೊನೆಗೆ

ನಿಮ್ಮ ಬರಹ ಮುಗಿದ ಮೇಲೆ ಮಾತ್ರ ಸ್ಟಾರ್ ನೋಡಿ, ಮೊದಲೇ ನೋಡಿದರೆ ಕಣ್ಣು ಅದನ್ನೇ ಹುಡುಕುತ್ತದೆ. 247ಸ್ಪೋರ್ಟ್ಸ್ ಅನ್ನುವ ವೆಬ್‌ಸೈಟ್ ವರ್ಷಕ್ಕೆ ಸುಮಾರು 32 ಹುಡುಗರಿಗೆ ಐದು ಸ್ಟಾರ್ ಕೊಡುತ್ತದೆ, ಎನ್‌ಎಫ್‌ಎಲ್ ಮೊದಲ ಸುತ್ತಿನ 32 ಆಯ್ಕೆಗಳ ಲೆಕ್ಕದಲ್ಲಿ. ಸ್ಟಾರ್ ಸುಳ್ಳು ಅಂತ ನಾನು ಹೇಳುವುದಿಲ್ಲ. ಟೆಕ್ಸಾಸ್‌ನ ಕೆಲ್ವಿನ್ ಬ್ಯಾಂಕ್ಸ್ ಐದು ಸ್ಟಾರ್ ಹುಡುಗ. 2022ರಲ್ಲಿ ಮೊದಲ ವರ್ಷವೇ ಎಡ ಟ್ಯಾಕಲ್ ಆದ, ದೇಶದ ಅತ್ಯುತ್ತಮ ಲೈನ್‌ಮನ್‌ಗೆ ಕೊಡುವ ಔಟ್‌ಲ್ಯಾಂಡ್ ಟ್ರೋಫಿಯನ್ನು 2024ರಲ್ಲಿ ಗೆದ್ದ, 2025ರಲ್ಲಿ ಒಂಬತ್ತನೇ ಆಯ್ಕೆ. ಒಹಾಯೊ ಸ್ಟೇಟ್‌ನ ಪ್ಯಾರಿಸ್ ಜಾನ್ಸನ್ ಕೂಡ ಐದು ಸ್ಟಾರ್, 2023ರಲ್ಲಿ ಆರನೇ ಆಯ್ಕೆ. ಇನ್ನೊಂದು ಕಡೆ ರಯಾನ್ ರ್‍ಯಾಮ್‌ಚಿಕ್ ಅನ್ನುವವನು ವೆಲ್ಡಿಂಗ್ ಕಲಿಯುವ ಯೋಚನೆಯಲ್ಲಿದ್ದ, ವಿಸ್ಕಾನ್ಸಿನ್-ಸ್ಟೀವನ್ಸ್ ಪಾಯಿಂಟ್ ಅನ್ನುವ ಸ್ಕಾಲರ್‌ಶಿಪ್ ಇಲ್ಲದ ಸಣ್ಣ ಕಾಲೇಜಿನಲ್ಲಿ ಆಡಿದ, ಅಲ್ಲಿಂದ ವಿಸ್ಕಾನ್ಸಿನ್‌ಗೆ ಬಂದು 2017ರಲ್ಲಿ ಮೊದಲ ಸುತ್ತಿನ 32ನೇ ಆಯ್ಕೆಯಾದ. ಸ್ಟಾರ್‌ಗಿಂತ ನಾನು ಹೆಚ್ಚು ನೋಡುವುದು ಯಾವ ಕಾಲೇಜು ಯಾವಾಗ ಕರೆಯಿತು ಅನ್ನುವುದನ್ನು. ಲೈನ್‌ಮನ್‌ಗಳನ್ನು ಬೆಳೆಸುವುದಕ್ಕೆ ಹೆಸರಾದ ಅಯೋವಾ, ವಿಸ್ಕಾನ್ಸಿನ್, ನೋಟ್ರ್ ಡೇಮ್ ಥರದ ಕಡೆಯವರು ಎರಡು ಸಲ ಬಂದು ನೋಡಿ ಹೋಗಿದ್ದರೆ, ನಿಮ್ಮ ನೋಟ್‌ಬುಕ್ಕಿನಲ್ಲಿ ಏನಾದರೂ ಬಿಟ್ಟುಹೋಗಿದೆಯಾ ಅಂತ ಮತ್ತೆ ತಿರುವಿ ನೋಡಿ.

ವರದಿ ಬರೆಯುವುದು

ಅಂಕಕ್ಕಿಂತ ಮಾತಿನಲ್ಲಿ ಬರೆಯಿರಿ. ಮೂರು ಪ್ರಶ್ನೆ ಸಾಕು. ಇವತ್ತು ಏನು ಮಾಡಬಲ್ಲ, ಮೂರು ವರ್ಷದ ನಂತರ ಯಾವ ಜಾಗದಲ್ಲಿ ನಿಲ್ಲಬಲ್ಲ, ನಡುವೆ ಅಡ್ಡ ಇರುವುದು ಏನು. ಕೊನೆಯದಕ್ಕೆ ಉತ್ತರ ತೂಕ, ಬಲ, ಕೈ ಅಂತ ಬಂದರೆ ಆ ಹುಡುಗನಿಗೆ ಕಾಯಬಹುದು. ಸೊಂಟ, ಕಣಕಾಲು, ಕಾಲಿನ ವೇಗ ಅಂತ ಬಂದರೆ ನಾನು ಕಾಯುವುದಿಲ್ಲ.

ಕಾಯುವ ಮಾತು ಈಗ ಮೊದಲಿನಷ್ಟು ಸುಲಭವಾಗಿಲ್ಲ. 2018ರಿಂದ ಹುಡುಗ ನಾಲ್ಕು ಆಟ ಆಡಿಯೂ ಆ ವರ್ಷವನ್ನು ರೆಡ್‌ಶರ್ಟ್ ಆಗಿ, ಅಂದರೆ ಅವನ ಆಟದ ವರ್ಷಗಳ ಲೆಕ್ಕಕ್ಕೆ ಸೇರದ ಹಾಗೆ, ಉಳಿಸಿಕೊಳ್ಳಬಹುದಿತ್ತು, ಲೈನ್‌ಮನ್‌ಗಳಿಗೆ ಅದು ವರವೇ ಆಯಿತು. ಆದರೆ ಕಾಲೇಜು ಬದಲಿಸಲು ಬಯಸುವ ಆಟಗಾರರು ಹೆಸರು ಹಾಕುವ ಟ್ರಾನ್ಸ್‌ಫರ್ ಪೋರ್ಟಲ್ ಬಂದ ಮೇಲೆ ಕೋಚ್‌ಗಳು ಇಪ್ಪತ್ತೆರಡರ ಸಿದ್ಧ ಟ್ಯಾಕಲ್‌ನನ್ನು ಬೇರೆ ಕಾಲೇಜಿನಿಂದಲೇ ತರಬಹುದು. 2025ರಿಂದ ಆಟಗಾರರಿಗೆ ಹಣ ಹಂಚಲು ಒಪ್ಪಿದ ಕಾಲೇಜುಗಳಲ್ಲಿ ತಂಡಕ್ಕೆ 105 ಜನರ ಮಿತಿಯೂ ಬಂದಿದೆ. 250 ಪೌಂಡಿನ ಉದ್ದ ಹುಡುಗನಿಗೆ ಮೂರು ವರ್ಷ ಅನ್ನ ಹಾಕಿ ಬೆಳೆಸುವ ತಾಳ್ಮೆ ಎಲ್ಲರಲ್ಲೂ ಉಳಿದಿಲ್ಲ, ಅದು ನನಗೆ ನಿಜವಾಗಿ ಬೇಸರದ ವಿಷಯ. ಹೀಗಾಗಿ ವರದಿಯಲ್ಲಿ ಅವನು ಹೋಗುತ್ತಿರುವ ಕಾಲೇಜಿನ ಹೆಸರನ್ನೂ ಬರೆಯಿರಿ, ಅಲ್ಲಿಯ ಲೈನ್ ಕೋಚ್ ಎಷ್ಟು ವರ್ಷದಿಂದ ಇದ್ದಾರೆ ಅನ್ನೋದನ್ನೂ.

ಆಗಸ್ಟ್ ಕೊನೆಗೆ ಹೆಚ್ಚಿನ ಕಡೆ ಹೈಸ್ಕೂಲ್ ಆಟಗಳು ಶುರುವಾಗಿರುತ್ತವೆ. ಹತ್ತಿರದ ಶಾಲೆಯ ಒಂದು ಟಿಕೆಟ್ ತೆಗೆದುಕೊಳ್ಳಿ. ಗೋಲ್‌ಪೋಸ್ಟ್ ಹತ್ತಿರದ ಮೂಲೆಯಲ್ಲಿ, ಆದಷ್ಟು ಮೇಲಿನ ಸಾಲಿನಲ್ಲಿ ಕೂತುಕೊಳ್ಳಿ. ಎಪ್ಪತ್ತರ ಸಾಲಿನ ಒಂದು ನಂಬರ್ ಆರಿಸಿಕೊಂಡು ಮೊದಲ ಕ್ವಾರ್ಟರ್ ಪೂರ್ತಿ ಅವನ ಕಾಲು ಬಿಟ್ಟು ಬೇರೇನೂ ನೋಡಬೇಡಿ. ಸ್ಕೋರ್ ಎಷ್ಟಾಯಿತು ಅಂತ ಪಕ್ಕದವರನ್ನು ಕೇಳಿದರಾಯಿತು.